ಕೊಕ್ಕರೆ ಮಾರ್ಕಿನ ನೊರೆ

ಥರ್ಮಾಮೀಟರ್ ನೂರಹದಿನೈದು ತೋರಿಸುತ್ತಿತ್ತು.

ಜ್ವರ ನೋಡುವ ಥರ್ಮಾಮೀಟರ್ ಅಲ್ಲ ಸಾರ್. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನದು. ಸೊಪ್ಪಿನ ಜೊತೆ ಒಳಗೆ ಬೇಯುತ್ತಿದ್ದವನು ನಾನು!

ತಲೆಯ ಮೇಲೆ ಕಡ್ಡಿಗಳಿಗೆ ಕಟ್ಟಿ ನೇತುಹಾಕಿದ ಹಸಿ ಸೊಪ್ಪು. ಕಾಲ ಬುಡದಲ್ಲಿ ಕಾದ ಕಬ್ಬಿಣದ ಕೊಳವೆ. ಮೂರು ಸಲ ಬಾಗಿಲು ಒದ್ದೆ. ಹೊರಗಿನ ಅಗುಳಿ ಕದಲಲಿಲ್ಲ.

ಗೋಡೆಯಲ್ಲಿ ಅಂಗೈ ಅಗಲದ ಒಂದು ಗಾಜು. ಹೊರಗಿನಿಂದ ಶಾಖ ನೋಡಲು ಇಟ್ಟ ಕಿಂಡಿ. ಅದರಲ್ಲಿ ಹೆಂಗಸಿನ ಮುಖ ಕಾಣಿಸಿತು. ಪ್ರೇಮಮ್ಮ.

"ಯಾರಪ್ಪ ಕಳ್ಸಿದ್ದು ನಿನ್ನ?"

"ಯಾರೂ ಇಲ್ಲಕ್ಕ... ದಾರಿ ತಪ್ಪಿ ಬಂದೆ."

"ದಾರಿ ತಪ್ಪಿ ನನ್ನ ಅಡುಗೆಮನೆಗೇ ಬಂದ್ಯಾ? ಕೆಂಪಯ್ಯಣ್ಣ... ಒಲೆಗೆ ಇನ್ನೆರಡು ಸೌದೆ ಒಟ್ಟು!"

ಹೊರಗೆ ಸೌದೆ ಬಿದ್ದ ಸದ್ದು ಕೇಳಿಸಿತು. ನೂರಹದಿನಾರು.

ನಾನು ಶಿವಶಂಕರ್. ಎಚ್.ಡಿ. ಕೋಟೆ ಬಸ್ ಸ್ಟ್ಯಾಂಡ್ ಹಿಂದೆ ಒಂದು ರೂಮು, ಒಂದು ಟೇಬಲ್ಲು. ಕಳೆದುಹೋದದ್ದನ್ನು ಹುಡುಕಿಕೊಡುತ್ತೇನೆ. ಓಡಿಹೋದ ಗಂಡ, ಕದ್ದ ಪಂಪ್‌ಸೆಟ್ಟು, ಮಾಯವಾದ ಪತ್ರ... ಕೆಲವು ಸಲ ಕಳೆಯದೇ ಇದ್ದದ್ದನ್ನೂ ಎತ್ತಿ ತರುತ್ತೇನೆ. ಅರ್ಥವಾಯಿತಲ್ಲ?

ಈ ಸಲ ಕಳಿಸಿದವನು ಪಿರಿಯಾಪಟ್ಟಣದ ನಂಜುಂಡೇಶ್. ದೊಡ್ಡ ಅಂಗಡಿ, ಅದಕ್ಕಿಂತ ದೊಡ್ಡ ಗೋಡೌನು.

"ಕೊಕ್ಕರೆ ಮಾರ್ಕ್ ಗೊತ್ತೇನಯ್ಯ?" ಅಂದಿದ್ದ.

ಗೊತ್ತಿಲ್ಲದೆ ಏನು! ಹಳದಿ ಡಬ್ಬ, ಒಂಟಿಕಾಲಲ್ಲಿ ನಿಂತ ಬಿಳಿ ಕೊಕ್ಕರೆ. ಕೆ.ಆರ್. ನಗರದ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದ ಬಟ್ಟೆ ಒಗೆಯುವ ಪುಡಿ. ಹೊಗೆಸೊಪ್ಪು ಮುರಿದವರ ಬಟ್ಟೆಗೆ ಹತ್ತುವ ಕರಿ ಅಂಟು ಇದೆಯಲ್ಲ, ಅದು ಯಾವ ಸೋಪಿಗೂ ಬಗ್ಗುವುದಿಲ್ಲ. ಕೊಕ್ಕರೆಗೆ ಬಗ್ಗುತ್ತಿತ್ತು. ನಮ್ಮವ್ವ ಅದನ್ನು ಬಿಟ್ಟು ಬೇರೆಯದನ್ನು ಮುಟ್ಟಿದವಳಲ್ಲ. ಫ್ಯಾಕ್ಟರಿ ಮುಚ್ಚಿ ಇಪ್ಪತ್ತು ವರ್ಷವಾಯಿತು.

"ಹನಗೋಡ್ನಲ್ಲಿ ಪ್ರೇಮಮ್ಮ ಅಂತ ಒಬ್ಳು ಅದ್ನ ಮನೇಲೇ ಮಾಡ್ತಾವ್ಳೆ. ಆ ಫ್ಯಾಕ್ಟ್ರೀಲಿ ಪುಡಿ ಬೆರೆಸ್ತಿದ್ದ ಕೆಂಪಯ್ಯ ಅನ್ನೋನ್ನ ಜತೇಲಿಟ್ಕಂಡು ಮೂರು ವರ್ಷ ಒದ್ದಾಡವ್ಳೆ. ಈಗ ಅದೇ ಪುಡಿ ಕಣಯ್ಯ, ಅದೇ ವಾಸನೆ! ಕೊಕ್ಕರೆ ಹೆಸ್ರು ನಾನು ರಿಜಿಸ್ಟರ್ ಮಾಡಿಸ್ಕಂಡಿವ್ನಿ. ಪುಡಿ ಮಾಡೋ ಅಳತೆ ಮಾತ್ರ ಬೇಕು. ಭಾನುವಾರ ಡೀಲರ್‌ಗಳು ಬತ್ತಾರೆ."

"ಆಮೇಲೆ ಆ ಹೆಂಗಸು?"

"ಆ ಹೆಸ್ರಲ್ಲಿ ಮಾರ್ಬಾರ್ದು ಅಂತ ವಕೀಲರ ನೋಟೀಸು. ಡೀಲರ್‌ಗಳು ಒಪ್ಪಿದ ದಿನವೇ ಅವ್ಳ ಮನೆ ಬಾಗ್ಲಿಗೆ ಅಂಟುಸ್ತೀನಿ."

ಪ್ರೇಮಮ್ಮನ ಸಂಘದಲ್ಲಿ ಹದಿನಾಲ್ಕು ಹೆಂಗಸರು. ಆ ಪುಡಿಯೇ ಅವರ ಮನೆಗಳ ಒಲೆ ಉರಿಸುತ್ತಿತ್ತು. ನನಗೇನು ಅಂದುಕೊಂಡೆ... ನನ್ನ ಕೆಲಸವೇ ಅಂಥದ್ದು.

ಶನಿವಾರ ಮಧ್ಯಾಹ್ನ ಹಿತ್ತಲಿನಿಂದ ನುಗ್ಗಿದೆ. ರಾಗಿ ಹಿಟ್ಟಿನ ಡಬ್ಬದ ಹಿಂದೆ ನೋಟ್‌ಬುಕ್ಕು ಸಿಕ್ಕಿತು. ಹೊಂಗೆ ಎಣ್ಣೆ ಸೋಪಿನ ತುರಿ, ಸೋಡಾ, ಬ್ಯಾರನ್ ಬೂದಿಯ ತಿಳಿ, ನೀಲಿ, ನಿಂಬೆಹುಲ್ಲು... ಎಲ್ಲವೂ ಗ್ರಾಂ ಲೆಕ್ಕದಲ್ಲಿ. ಫೋಟೋ ಹೊಡೆದೆ. ಅಷ್ಟರಲ್ಲಿ ಬಾಗಿಲಲ್ಲಿ ಬಳೆ ಸದ್ದು! ಹಿತ್ತಲಿಗೆ ಹಾರಿದೆ. ಅಡಗಲು ಕಂಡದ್ದು ಬ್ಯಾರನ್ ಒಂದೇ. ಕೆಂಪಯ್ಯ ಹೊರಗಿನಿಂದ ಅಗುಳಿ ಜಡಿದ.

ನೂರಿಪ್ಪತ್ತು.

ಕಣ್ಣು ಕತ್ತಲಿಟ್ಟಿತು. ನಂಜುಂಡೇಶನ ಹೆಸರು ಮಾತ್ರ ಬಾಯಿಂದ ಬರಲಿಲ್ಲ. ನಿಯತ್ತು ಅಂತಲ್ಲ ಸಾರ್... ನಾಲಿಗೆ ಒಣಗಿ ಅಂಟಿಕೊಂಡಿತ್ತು!

ಅಗುಳಿ ಸರಿಯಿತು.

"ಬಾ ಆಚೆಗೆ," ಅಂದಳು ಪ್ರೇಮಮ್ಮ. "ಒಳಗ್ ಸತ್ತು ಸೊಪ್ಪಿಗೆ ವಾಸನೆ ಹಿಡಿಸ್‌ಬ್ಯಾಡ."

ಬಾಗಿಲ ಬಳಿ ಚೊಂಬು ತುಂಬ ಮಜ್ಜಿಗೆ ಇತ್ತು. ಉಪ್ಪು, ಕೊತ್ತಂಬರಿ ಎಲ್ಲ ಹಾಕಿದ್ದಳು. ಕಳ್ಳನಿಗೆ!

"ಕುಡಿ. ಯಾರ್ ಕಳ್ಸಿದ್ರು ಅಂತ ಹೇಳ್ದಿದ್ರೆ ಕತ್ತೆ ಬಾಲ. ಆ ಫೋನ್ ಮಾತ್ರ ಇತ್ಲಾಗ್ ಕೊಡು."

ಕುಡಿದೆ. ಚೊಂಬು ಕೆಳಗಿಟ್ಟೆ.

ಓಡಿದೆ!

"ಹಿಡಿಯಣ್ಣೋ ಅವನ್ನ!"

ಹೊಗೆಸೊಪ್ಪಿನ ಹೊಲದ ನಡುವೆ ಬಿದ್ದು ಎದ್ದು ಓಡುತ್ತಿದ್ದೆ. ಎಲೆ ಮೈಗೆ ಬಡಿಯುತ್ತಿತ್ತು, ಅಂಟು ಹತ್ತುತ್ತಿತ್ತು. ಹಿಂದೆ ಏರಿಯ ಮೇಲೆ ಕೆಂಪಯ್ಯನ ಮೊಪೆಡ್ಡು. ಅರವತ್ತೈದು ದಾಟಿದ ಮುದುಕ, ಹ್ಯಾಂಡಲ್‌ಗೆ ಮಚ್ಚು ಸಿಕ್ಕಿಸಿಕೊಂಡಿದ್ದ!

"ನಿಲ್ಲಲೇ! ಕಾಲು ಕತ್ತರಿಸಾಕ್ತೀನಿ ಕಣ್ಲಾ!"

ಎದುರಿಗೆ ಕಾಲುವೆ ಬಂತು. ಬಟ್ಟೆ ಒಗೆಯುವ ಮೆಟ್ಟಿಲಿಗೆ ಜಾರಿದೆ. ಶರ್ಟ್ ಕಿತ್ತೆಸೆದು, ಪಂಚೆ ಮೇಲೆ ಕಟ್ಟಿ, ಊರವನ ಹಾಗೆ ಕಾಲು ಉಜ್ಜುತ್ತ ಕೂತೆ. ಮೊಪೆಡ್ಡು ಮೇಲಿನ ರಸ್ತೆಯಲ್ಲಿ ಗುಡುಗಿಕೊಂಡು ಹೋಯಿತು.

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಮುದುಕಿ ನನ್ನ ಶರ್ಟನ್ನು ಕಾಲಲ್ಲಿ ಒದ್ದಳು.

"ಇದೇನ್ ಮಗ, ಸೊಪ್ಪಿನ ಮ್ಯಾಲೆ ಉಳ್ಳಾಡ್ಬುಟ್ಟು ಬಂದಿದ್ದೀಯ? ತತ್ತಾ ಇಲ್ಲಿ."

ಹೆಸರು ಚೆಲುವಮ್ಮ. ಒಂದು ಚಿಟಿಕೆ ಪುಡಿ ಉದುರಿಸಿದಳು. ನಾಲ್ಕು ಸಲ ಕುಕ್ಕಿದಳು. ನೊರೆ ಎದ್ದು ಮೊಣಕೈವರೆಗೆ ಬಂತು. ಅಂಟು ಕರಗಿ ಹಳದಿಯಾಗಿ ಹರಿದು ಹೋಯಿತು. ನಿಂಬೆಹುಲ್ಲಿನ ವಾಸನೆ ಬಂತು... ನಮ್ಮವ್ವನ ಸೆರಗಿನ ವಾಸನೆ!

"ನಂಗೂ ಒಂದು ಡಬ್ಬ ಬೇಕಲ್ಲ ಅಜ್ಜಿ."

"ಯಾವೂರು ನಿಂದು?"

"ಪಿರಿಯಾಪಟ್ಟಣ," ಅಂತ ಸುಳ್ಳು ಹೇಳಿದೆ.

"ಬೋರ್ ನೀರಾ? ಅಂಗಾದ್ರೆ ಪ್ರೇಮಮ್ಮ ಕೊಡಾಕಿಲ್ಲ ಬುಡು. ಇಲ್ಲಿಂದ ಕಟ್ಟೆಮಳಲವಾಡಿ ತಂಕ ಕಾಲುವೆ ಊರ್ಗಳಿಗೆ ಮಾತ್ರ ಕೊಡಾದು."

"ಯಾಕೆ?"

"ಬೋರ್ ನೀರ್ಗೆ ಬಿದ್ರೆ ಒಡ್ದೋದ ಹಾಲಂಗಾಯ್ತದೆ ಕಣಪ್ಪ. ನೊರೆ ಬರಾಕಿಲ್ಲ, ಬಟ್ಟೆ ಮ್ಯಾಲೆ ಬೂದು ಕೆನೆ ಕೂತ್ಕತದೆ. ಮನೆಮನೆಗೂ ಬೋರ್ ನೀರಿನ ನಲ್ಲಿ ಬಂತಲ್ಲ, ಆವಾಗ್ಲೇ ಆ ಫ್ಯಾಕ್ಟ್ರಿ ಮುಚ್ಚೋಯ್ತು. ಪುಡಿ ಕೆಟ್ಟೋಯ್ತು ಅಂದ್ರು ಎಲ್ರೂವೆ. ಪುಡಿ ಎಲ್ಲಿ ಕೆಟ್ಟಿತ್ತು... ಕೆಟ್ಟಿದ್ದು ನೀರು!"

ಒದ್ದೆ ಶರ್ಟನ್ನೇ ಹಾಕಿಕೊಂಡೆ. ಪಿರಿಯಾಪಟ್ಟಣದ ಬಸ್ಸಿನಲ್ಲಿ ಕೂತರೂ ಕೂರಲಾಗಲಿಲ್ಲ. ಕಿಟಕಿ ತೆಗೆದೆ, ಮುಚ್ಚಿದೆ. ಬಾಯಲ್ಲಿ ಇನ್ನೂ ಮಜ್ಜಿಗೆಯ ಉಪ್ಪು.

ನಂಜುಂಡೇಶನಿಗೆ ಫೋಟೋ ಕೊಟ್ಟೆ. ಒಂದಕ್ಷರ ಬದಲಿಸಲಿಲ್ಲ. ಆ ಸಂಜೆಯೇ ಅವನು ಪುಡಿ ಬೆರೆಸಿದ. ಬೂದಿಯ ತಿಳಿ ಹಾಕಿದ ಪುಡಿ ಬೇಗ ಒಣಗುವುದಿಲ್ಲ. ರಾತ್ರಿಯೆಲ್ಲ ಫ್ಯಾನ್ ಹಾಕಿ ಒಣಗಿಸಿದರೂ ಡೀಲರ್‌ಗಳ ಕಾರು ಬಂದು ನಿಂತಾಗ ಇನ್ನೂ ಪಸೆ ಆರಿರಲಿಲ್ಲ. ಪರೀಕ್ಷೆ ಮಾಡಲು ಹೊತ್ತೆಲ್ಲಿ?

ಭಾನುವಾರ ಬೆಳಿಗ್ಗೆ ಗೋಡೌನಿನ ಅಂಗಳದಲ್ಲಿ ಆರು ಜನ ಡೀಲರ್‌ಗಳು, ಆರು ಕುರ್ಚಿ, ನಡುವೆ ನೀಲಿ ಡ್ರಮ್ಮು. ನಂಜುಂಡೇಶ್ ತಾನೇ ನಲ್ಲಿ ತಿರುಗಿಸಿದ. ಬೋರ್ ನೀರು ಭರ್ರೆಂದು ತುಂಬಿತು.

"ನೋಡಿ ಸ್ವಾಮಿ... ಇಪ್ಪತ್ತು ವರ್ಷದ ಮೇಲೆ ಕೊಕ್ಕರೆ ವಾಪಸ್ ಬಂದೈತೆ!"

ಸೊಪ್ಪಿನ ಅಂಟು ಹತ್ತಿದ ಪಂಚೆ ಅದ್ದಿದ. ಪುಡಿ ಸುರಿದ. ತಿಕ್ಕಿದ.

ನೊರೆಯೇ ಬರಲಿಲ್ಲ.

ಇನ್ನೊಂದು ಬೊಗಸೆ ಸುರಿದ. ನೀರು ಮೊಸರಾಯಿತು. ಪಂಚೆ ಎತ್ತಿದಾಗ ಕರಿ ಅಂಟಿನ ಮೇಲೆ ಬೂದು ಕೆನೆ ಕೂತಿತ್ತು.

"ಒಗೆಯೋಕ್ ಮುಂಚೇನೇ ಬೆಳ್ಳಗಿತ್ತು ಕಣ್ರೀ!" ಅಂದ ಒಬ್ಬ ಡೀಲರ್. ಕುರ್ಚಿಗಳು ಖಾಲಿಯಾದವು.

ನಂಜುಂಡೇಶನ ಲಾರಿ ಡ್ರೈವರ್ ನನ್ನ ಕೈಯನ್ನು ಬೆನ್ನ ಹಿಂದೆ ತಿರುಚಿದ. ನಂಜುಂಡೇಶನ ಗುದ್ದು ಬಾಯಿಗೆ ಬಿತ್ತು. ತುಟಿ ಒಡೆಯಿತು.

"ಸುಳ್ಳು ಅಳತೆ ತಂದಿದ್ದೀಯೇನಲೇ!"

"ಫೋಟೋ ನೋಡಣ್ಣ... ಅವಳದೇ ಕೈಬರಹ. ಗ್ರಾಂ ಗ್ರಾಂ ತಾಳೆ ಹಾಕು."

ತಾಳೆ ಹಾಕಿದ. ಎರಡು ಸಲ. ಎಲ್ಲವೂ ಸರಿಯಾಗಿತ್ತು.

"ಏನ್ ಕಮ್ಮಿ ಆಗದೆ ಹೇಳು! ಹೇಳಿದ್ರೆ ಈಗ್ಲೇ ಬುಡ್ತೀನಿ. ಇಲ್ದಿದ್ರೆ ಕೈ ಮುರಿಸ್ತೀನಿ!"

ಭುಜ ಕಟಕಟ ಅಂದಿತು. ಒಂದೇ ಮಾತು ಸಾಕಿತ್ತು ಸಾರ್. ಎರಡಕ್ಷರದ ಮಾತು. ಅವನ ಹಿಂದೆ ನಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು. ನನಗೆ ಕಂಡದ್ದು ಆ ಮಜ್ಜಿಗೆ ಚೊಂಬು.

"ಕಮ್ಮಿ ಏನೂ ಇಲ್ಲಣ್ಣ," ಅಂದೆ.

ಸುಳ್ಳಲ್ಲ. ಕಮ್ಮಿ ಏನೂ ಇರಲಿಲ್ಲ.

ಇನ್ನೆರಡು ಗುದ್ದು ಬಿದ್ದವು. ಕೊನೆಗೆ ಅವನಿಗೇ ಸುಸ್ತಾಯಿತು. "ಆ ಫ್ಯಾಕ್ಟ್ರಿ ಮುಚ್ಚಿದ್ದೇ ಸರಿ! ಹಾಳಾದ್ ಕೊಕ್ಕರೆ!" ಅಂತ ಡಬ್ಬವನ್ನು ಚರಂಡಿಗೆ ಒದ್ದ. ನನ್ನನ್ನು ಗೇಟಿನಾಚೆಗೆ ದಬ್ಬಿಸಿದ. ವಾರ ಕಳೆಯಿತು, ತಿಂಗಳು ಕಳೆಯಿತು. ಹನಗೋಡಿಗೆ ನೋಟೀಸು ಹೋಗಲಿಲ್ಲ.

ನನ್ನ ಭುಜ ಇನ್ನೂ ನೋಯುತ್ತದೆ. ಶರ್ಟಿನ ಮೇಲಿನ ರಕ್ತದ ಕಲೆಯೂ ಹಾಗೇ ಇದೆ. ಅದು ಹೋಗಬೇಕಾದರೆ ಪ್ರೇಮಮ್ಮನ ಪುಡಿಯೇ ಬೇಕು, ಕಾಲುವೆ ನೀರೇ ಬೇಕು. ಆದರೆ ಕೆಂಪಯ್ಯ ಇವತ್ತಿಗೂ ಮೊಪೆಡ್ಡಿನಿಂದ ಮಚ್ಚು ತೆಗೆದಿಲ್ಲವಂತೆ...

ನೀವೇನಾದರೂ ಹನಗೋಡಿನ ಕಡೆ ಹೋಗುವುದಿದ್ದರೆ ಹೇಳಿ ಸಾರ್. ಶರ್ಟ್ ಕೊಟ್ಟು ಕಳಿಸುತ್ತೇನೆ!