ಹಗೇವಿನ ಎರಡನೇ ಹೆಣ

"ಈ ಹಗೇವಿನಿಂದ ಇನ್ನೊಂದು ಹೆಣ ಏಳಬಾರದು. ಮಾತು ಕೊಡು" ಅಂದಿದ್ದಳು ಗುರುಶಾಂತಮ್ಮ.

ಎಪ್ಪತ್ತೇಳನೇ ಇಸವಿ. ನಾನು ಆಗ ಆಳಂದ ಠಾಣೆಯ ಹೊಸ ಕಾನ್‌ಸ್ಟೇಬಲ್. ನರೋಣಾದಲ್ಲಿ ಅವಳ ಮನೆಯ ಅಂಗಳದಲ್ಲೇ, ನೆಲದೊಳಗೆ, ಜೋಳ ತುಂಬಿಡುವ ಹಗೇವು. ಅದಕ್ಕಿಳಿದ ಗಂಡ ಜೀವಂತ ಮೇಲೆ ಬರಲಿಲ್ಲ. ಹಗ್ಗ ಬಿಟ್ಟು ಎಳೆದು ತೆಗೆದವನು ನಾನು. ಕೊಟ್ಟೆ ಮಾತು. ಹೆಣದ ಪಕ್ಕ ಕೂತ ಹೆಂಗಸಿಗೆ ಬೇರೇನು ಕೊಡಲಿಕ್ಕಾಗುತ್ತದೆ?

ಆಮೇಲೆ ಮರೆತೆ.

ತೊಂಬತ್ತನಾಲ್ಕರ ಒಂದು ಮಧ್ಯಾಹ್ನ ಪಕ್ಕೆಲುಬಿಗೆ ಪಿಸ್ತೂಲು ಒತ್ತಿದಾಗ ತಟ್ಟನೆ ನೆನಪಾಯಿತು!

ಜೀಪು ನನ್ನದು. ಸ್ಟೀರಿಂಗ್ ನನ್ನ ಕೈಯಲ್ಲಿ. ಪಿಸ್ತೂಲು ದೌಲತರಾಯನ ಕೈಯಲ್ಲಿ.

ದೌಲತರಾಯ ಅಂದರೆ ರೈತರ ಲೀಡರು. ಹಿಂದಿನ ವಾರವಷ್ಟೇ ಅಫಜಲಪುರದ ಚೌಕದಲ್ಲಿ ಒಂದು ವಿದೇಶಿ ಬೀಜ ಕಂಪನಿಯ ಪ್ರತಿಕೃತಿ ಸುಟ್ಟಿದ್ದ. ಗ್ಯಾಟ್ ಒಪ್ಪಂದ ನಮ್ಮ ಕೊರಳಿಗೆ ಉರುಲು, ನಮ್ಮ ಬೀಜವೇ ನಮ್ಮ ಉಸಿರು ಅಂತ ಭಾಷಣ. ಕರಜಗಿಯ ಕಬ್ಬಿನ ಗೌಡರು ಅಂಗೈ ಕೆಂಪಾಗುವ ಹಾಗೆ ಚಪ್ಪಾಳೆ ಹೊಡೆದಿದ್ದರಂತೆ.

ಹಿಂದಿನ ಸೀಟಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದವನು ಕಪೂರ್. ಅದೇ ಕಂಪನಿಯ ಏಜೆಂಟ್!

ನನ್ನ ಪರಿಚಯ ಹೇಳಲಿಲ್ಲ. ಮುರ್ತುಜಾ. ಪೊಲೀಸ್ ನೌಕರಿ ನನ್ನನ್ನು ಬಿಟ್ಟು ಬಹಳ ದಿನವಾಯಿತು. ಈಗ ಜೇವರ್ಗಿಯಲ್ಲಿ ಸೆಟಲ್‌ಮೆಂಟ್ ಕೆಲಸ. ಕಳುವಾದ ಎಮ್ಮೆ, ಮುರಿದ ನಿಶ್ಚಿತಾರ್ಥ, ಬಾಡಿಗೆ ಕೊಡದ ಬಾಡಿಗೆದಾರ... ಏನಿದ್ದರೂ ನನ್ನ ಹತ್ತಿರ ತರುತ್ತಾರೆ. ಅವತ್ತು ಮಗಳಿಗೆ ಕೆಮ್ಮಿನ ಔಷಧ ಕೊಂಡು ಅಂಗಡಿ ಇಳಿಯುತ್ತಿದ್ದೆ. ಬಾಟಲಿ ಇನ್ನೂ ಕಿಸೆಯಲ್ಲೇ ಇತ್ತು. ಅಷ್ಟರಲ್ಲಿ ಇವರಿಬ್ಬರೂ ಜೀಪು ಹತ್ತಿ ಕೂತರು.

"ನರೋಣಾಕ್ಕ ನಡಿ. ಗುರುಶಾಂತಮ್ಮನ ಹಗೇವಿನ ಬಾಯಿ ತೋರ್ಸು. ಆಮ್ಯಾಲ ಮನಿಗೆ ಹೋಗು" ಅಂದ ದೌಲತರಾಯ.

ವಿಷಯ ಇಷ್ಟೇ. ಸುತ್ತಲಿನವರೆಲ್ಲ ಬಿತ್ತುತ್ತಿದ್ದದ್ದು ಅಂಗಡಿಯ ಬೀಜ. ಎರಡು ವರ್ಷದಿಂದ ಆ ಜೋಳದ ಸುಳಿಯನ್ನು ಹುಳ ತಿಂದು ಹಾಕುತ್ತಿತ್ತು. ಔಷಧ ಹೊಡೆದವರದೂ ಹೋಯಿತು, ಹೊಡೆಯದವರದೂ ಹೋಯಿತು. ಗುರುಶಾಂತಮ್ಮನ ಹೊಲದ ಜೋಳ ಮಾತ್ರ ಮದುಮಗನ ಹಾಗೆ ನೆಟ್ಟಗೆ ನಿಂತಿತ್ತು. ಆ ಬೀಜ ಕಂಪನಿಗೆ ಬೇಕು. ದೌಲತರಾಯ ಹೋಗಿ ಬೆಲೆ ಕೇಳಿದ್ದಾನೆ. ಮಾರುವುದಿಲ್ಲ ಅಂದಿದ್ದಾಳೆ. ಇನ್ನು ಕಳ್ಳತನವೊಂದೇ ದಾರಿ. ಹಗೇವಿನ ಬಾಯಿಗೆ ಕಲ್ಲು ಮುಚ್ಚಿ, ಮಣ್ಣೆಳೆದು, ಸಗಣಿ ಸಾರಿಸಿರುತ್ತಾರೆ. ಅಂಗಳದ ಯಾವ ಮೂಲೆಯಲ್ಲಿ ಅಂತ ಹೊರಗಿನವರಿಗೆ ಗೊತ್ತಾಗುವುದಿಲ್ಲ. ನನಗೆ ಗೊತ್ತು. ಹೆಣ ತೆಗೆದವನಲ್ಲವೇ!

ದಾರಿಯುದ್ದಕ್ಕೂ ಕಪೂರ್ ಹಿಂದಿಯಲ್ಲಿ ಪಾಠ ಹೇಳಿದ. ಇನ್ನು ಮುಂದೆ ಇಡೀ ಜಗತ್ತು ಒಂದೇ ಬಜಾರಂತೆ. ಒಳ್ಳೆಯ ಬೀಜ ಒಂದೇ ಹಳ್ಳಿಯಲ್ಲಿ ಕೊಳೆಯಬಾರದಂತೆ. ಈ ಜೋಳ ಆಫ್ರಿಕಾಕ್ಕೆ ಹೋದರೆ ಅಲ್ಲಿನ ಮಕ್ಕಳು ಉಣ್ಣುತ್ತಾರಂತೆ. ಪೂರ್ತಿ ಸುಳ್ಳು ಅನ್ನಲಿಕ್ಕಾಗಲಿಲ್ಲ. ನಾವು ಚಟ್ನಿ ಕುಟ್ಟುವ ಮೆಣಸಿನಕಾಯಿ ಕೂಡ ಎಂದೋ ಹಡಗು ಹತ್ತಿ ಬಂದದ್ದೇ ಅಂತ ನಮ್ಮ ಮಾಸ್ತರು ಹೇಳುತ್ತಿದ್ದರು.

"ಬಜಾರ್ ಅಂದಮ್ಯಾಲ ಪಿಸ್ತೂಲ್ ಯಾಕ್ರಿ ಸಾಹೇಬ್ರ?" ಅಂತ ಕೇಳಿದೆ.

ಕಪೂರ್ ಹೊಲ ನೋಡುತ್ತ ಕೂತ. ಉತ್ತರ ದೌಲತರಾಯ ಕೊಟ್ಟ. ಪಿಸ್ತೂಲಿನ ಹಿಡಿಕೆಯಿಂದ, ನನ್ನ ಕಿವಿಗೆ.

ಆಳಂದದ ರಸ್ತೆ ಹಿಡಿದ ಮೇಲೆ ಎದುರಿಗೆ ಬಸ್ಸು ಬಂತು. ಇದೇ ಸಮಯ ಅಂತ ಸ್ಟೀರಿಂಗ್ ತಿರುಗಿಸಿದೆ. ಜೀಪು ರಸ್ತೆ ಬಿಟ್ಟು ತೊಗರಿ ಹೊಲಕ್ಕೆ ನುಗ್ಗಿತು! ಬದುವಿಗೆ ಬಡಿದು, ಎಗರಿ, ನಿಂತಿತು. ನಾನು ಜಿಗಿದು ಓಡಿದೆ. ಕರಿಮಣ್ಣು, ಹಿಂದಿನ ದಿನದ ಮಳೆ. ಚಪ್ಪಲಿಗೆ ಎರಡೆರಡು ಸೇರು ಕೆಸರು ಮೆತ್ತಿಕೊಂಡಿತು. ಆ ಮಣ್ಣಿನಲ್ಲಿ ಯಾರೂ ಓಡಲಾರರು. ಗುಂಡು ತಲೆಯ ಮೇಲೆ ಸುಂಯ್ ಅಂದಿತು. ಕವುಚಿ ಬಿದ್ದೆ.

ಎದ್ದಾಗ ಅಂಗಿಯ ಎದೆಯೆಲ್ಲ ಕೆಂಪು. ಕಪೂರ್ ಬಿಳಿಚಿಕೊಂಡು, ಸತ್ತನೇ, ಸತ್ತನೇ ಅಂತ ಒರಲಿದ.

ಕೆಮ್ಮಿನ ಔಷಧ. ಬಾಟಲಿ ಒಡೆದಿತ್ತು.

ದೌಲತರಾಯ ಕುತ್ತಿಗೆ ಹಿಡಿದು ಎಳೆದೊಯ್ದು ಮತ್ತೆ ಸ್ಟೀರಿಂಗಿಗೆ ಕೂರಿಸಿದ. ನರೋಣಾ ಮುಟ್ಟಿದಾಗ ಓಣಿ ಖಾಲಿ. ಹೆಂಗಸರೆಲ್ಲ ಮಠದ ದಾಸೋಹಕ್ಕೆ ರೊಟ್ಟಿ ಬಡಿಯಲು ಹೋಗಿದ್ದರು. ದೌಲತರಾಯನಿಗೆ ಅದು ಗೊತ್ತಿತ್ತು. ಗುರುಶಾಂತಮ್ಮನ ಬಾಗಿಲಿಗೆ ಬೀಗವೂ ಇರಲಿಲ್ಲ. ಬರೀ ಚಿಲಕ.

ಈಗ ನಿಮಗೊಂದು ಗುಟ್ಟು ಹೇಳಬೇಕು. ಗುಟ್ಟೇನು, ಈ ಭಾಗದ ಮುದುಕಿಯರಿಗೆಲ್ಲ ಗೊತ್ತಿರುವುದೇ. ಬಿತ್ತುವ ಬೀಜವನ್ನು ಹಗೇವಿನಲ್ಲಿ ಇಡುವುದಿಲ್ಲ! ಒಳಗಿನ ಕಾವಿಗೆ ಕಾಳಿನ ಮೊಳಕೆ ಸಾಯುತ್ತದೆ. ಹಗೇವಿನದು ಉಣ್ಣುವ ಜೋಳ. ಬೀಜದ ತೆನೆಗಳನ್ನು ಕಟ್ಟಿ ಅಡುಗೆಮನೆಯಲ್ಲಿ ಒಲೆಯ ಮೇಲೆ ತೂಗು ಹಾಕುತ್ತಾರೆ, ಹೊಗೆಗೆ. ಚಿಲಕ ತೆಗೆದು ತಲೆಯೆತ್ತಿದ್ದರೆ ಸಾಕಿತ್ತು.

ರೈತರ ಲೀಡರಿಗೆ ಅಷ್ಟೂ ಗೊತ್ತಿರಲಿಲ್ಲ.

ನಾನು ಬಾಯಿ ಬಿಡುತ್ತೇನೆಯೇ? ಇಳಿಯಲಿ, ರೊಟ್ಟಿಯ ಜೋಳ ತುಂಬಿಕೊಳ್ಳಲಿ, ಒಯ್ದು ಅಮೆರಿಕಾದಲ್ಲಿ ಬಿತ್ತಲಿ ಅಂದುಕೊಂಡೆ. ಒಳಗೊಳಗೇ ನಗು. ಗುರುತಿಗೆ ಒಂದು ತುಳಸಿಕಟ್ಟೆಯೂ ಇಲ್ಲದ ಆ ಅಂಗಳದಲ್ಲಿ ದನದ ಗೂಟದ ಪಕ್ಕ ಕೈ ತೋರಿಸಿದೆ. ಗುದ್ದಲಿಯೂ ನಾನೇ ಹಿಡಿದೆ. ಮಣ್ಣು ಸರಿಸಿ ಚಪ್ಪಡಿ ಎತ್ತಿದೆವು.

ಬಿಸಿ ಗಾಳಿಯೊಂದು ಮುಖಕ್ಕೆ ಹೊಡೆಯಿತು. ಹುಳಿ ವಾಸನೆ.

ನಗು ಅಲ್ಲೇ ನಿಂತಿತು. ಮುಚ್ಚಿಟ್ಟ ಹಗೇವಿನೊಳಗೆ ಕೆಟ್ಟ ಗಾಳಿ ಕೂತಿರುತ್ತದೆ. ನಮ್ಮಲ್ಲಿ ಝಳ ಅನ್ನುತ್ತಾರೆ. ಬಾಯಿ ತೆರೆದು ಒಂದು ಹೊತ್ತು ಬಿಡಬೇಕು. ಕಂದೀಲು ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಗುರುಶಾಂತಮ್ಮನ ಗಂಡ ಹೋದದ್ದು ಹಾಗೇ.

"ಧಣಿ, ಈಗ ಇಳೀಬ್ಯಾಡ್ರಿ. ಝಳ ಐತಿ. ಕಂದೀಲ್ ಬಿಟ್ಟು ನೋಡೂಣು" ಅಂದೆ.

"ಮಂದಿ ಬರೂತನಕ ಟೈಮ್ ಎಳೀತಿ ಏನಲೇ?"

"ಇಲ್ರಿ. ಖರೇನ ಸಾಯ್ತೀರಿ."

"ನಿಮ್ಮಪ್ಪ ಸಾಯ್ತಾನ" ಅಂದ. ಪಿಸ್ತೂಲನ್ನು ಕಪೂರನ ಕೈಗೆ ಕೊಟ್ಟ. ಕಪೂರ್ ಅದನ್ನು ಸತ್ತ ಇಲಿಯ ಬಾಲ ಹಿಡಿದ ಹಾಗೆ ಹಿಡಿದ. ದೌಲತರಾಯ ಚೀಲ ಹೆಗಲಿಗೆ ಹಾಕಿ ಇಳಿದೇಬಿಟ್ಟ.

ಕಾಳಿನ ಮೇಲೆ ಧಪ್ ಅಂತ ಕಾಲೂರಿದ ಸದ್ದು. ಒಂದು ಬೈಗುಳ, ಅರ್ಧಕ್ಕೇ ನಿಂತಿತು. ಆಮೇಲೆ ಮೈ ಕುಸಿದ ಸದ್ದು.

ಆಮೇಲೆ... ಏನೂ ಇಲ್ಲ.

ಸುಳ್ಳು ಯಾಕೆ ಹೇಳಲಿ? ಒಂದು ಗಳಿಗೆ ಹಾಗೇ ನಿಂತೆ. ಇಂಥವನು ಒಬ್ಬ ಕಡಿಮೆಯಾದರೆ ಮೂರು ತಾಲ್ಲೂಕಿನ ಗಾಳಿ ಹಗುರಾಗುತ್ತದೆ. ಎಚ್ಚರಿಕೆ ಕೊಟ್ಟಾಗಿದೆ. ಯಾವ ಕೋರ್ಟೂ ನನ್ನನ್ನು ಕೇಳುವುದಿಲ್ಲ.

ಆದರೆ ಗುರುಶಾಂತಮ್ಮ ಕೇಳುತ್ತಾಳಲ್ಲ!

ಕಪೂರನ ಕೈಯಿಂದ ಪಿಸ್ತೂಲು ಕಿತ್ತು ಬಾನಿಯ ನೀರಿಗೆ ಎಸೆದೆ. ಜೀಪಿನ ಹಗ್ಗ ತಂದು ಕಂಬಳಿ ಕಟ್ಟಿ, ಹಗೇವಿನೊಳಗೆ ಬಿಟ್ಟು ಮೇಲೆ ಕೆಳಗೆ ಎಳೆದಾಡಿದೆ. ಕೆಟ್ಟ ಗಾಳಿ ಸ್ವಲ್ಪವಾದರೂ ಹೊರಗೆ ಬರಲಿ ಅಂತ. ಎದೆ ತುಂಬ ಉಸಿರು ಎಳೆದುಕೊಂಡು ಇಳಿದೆ.

ಕತ್ತಲು. ಮೊಣಕಾಲುಮಟ ಜೋಳ. ಕೈಗೆ ಕಾಲರ್ ಸಿಕ್ಕಿತು. ಕಂಕುಳಲ್ಲಿ ಹಗ್ಗ ಸುತ್ತಿ ಗಂಟು ಹಾಕಿದೆ. ಕಿವಿಯಲ್ಲಿ ಡೊಳ್ಳು. ಕಣ್ಣ ಮುಂದೆ ಹಳದಿ ಚುಕ್ಕೆ. ಗೋಡೆಯ ಗೂಡಿಗೆ ಕಾಲಿಟ್ಟು ಮೇಲೆ ಬಿದ್ದಾಗ ಆಕಾಶ ಗಿರ್ರನೆ ತಿರುಗಿತು.

"ಎಳೀಲೇ!" ಅಂತ ಕಪೂರನಿಗೆ ಕೂಗಿದೆ. ಜೀವನದಲ್ಲಿ ಮೊದಲ ಸಲ ಅವನು ಕೈಯಿಂದ ಕೆಲಸ ಮಾಡಿದ.

ದೌಲತರಾಯ ಅಂಗಳದಲ್ಲಿ ನೀಲಿಯಾಗಿ ಬಿದ್ದಿದ್ದ. ಎದೆ ಒತ್ತಿದೆ. ಕೆನ್ನೆಗೆ ಬಾರಿಸಿದೆ. ಬೇಕಾದ್ದಕ್ಕಿಂತ ಎರಡು ಹೆಚ್ಚೇ ಬಾರಿಸಿದೆ. ಕಡೆಗೆ ಕೆಮ್ಮಿದ. ವಾಂತಿ ಮಾಡಿಕೊಂಡ. ಬದುಕಿದ.

ತಲೆಯೆತ್ತಿದರೆ ಗುರುಶಾಂತಮ್ಮ ನಿಂತಿದ್ದಳು. ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ತೆರೆದ ಹಗೇವು ನೋಡಿದಳು. ಕೆಮ್ಮುವವನನ್ನು ನೋಡಿದಳು. ಅವಳ ಮುಖದ ಬಣ್ಣ ಮೆಲ್ಲಗೆ ತಿರುಗಿ ಬಂತು.

"ಉಳದಾನಿಲ್ಲೋ ಮುರ್ತುಜಾ?"

"ಉಳದಾನವ್ವಾ."

"ಏನು ಬೇಕಾಗಿತ್ತಂತ ಇವ್ರಿಗೆ?"

ಹೇಳಿದೆ. ಬೀಜಕ್ಕೆ ಬಂದವರು, ಹಗೇವಿಗೆ ಇಳಿದರು ಅಂತ. ಅವಳು ಮೊದಲು ನಂಬಲಿಲ್ಲ. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಇವನು ಒಕ್ಕಲುತನದ ಮನೆಯಲ್ಲೇ ಹುಟ್ಟಿದವನೋ, ಅಥವಾ ಪೇಟೆಯಿಂದ ತಂದದ್ದೋ ಅಂತ ಕೇಳಿದಳು. ದೌಲತರಾಯ ಮುಖ ಆಚೆ ತಿರುಗಿಸಿದ.

ಒಳಗೆ ಹೋದವಳು ಒಲೆಯ ಮೇಲಿನ ಗೊಂಚಲಿನಿಂದ ಹೊಗೆ ಹಿಡಿದ ತೆನೆಗಳನ್ನು ತಂದು ಕಪೂರನ ಮುಂದೆ ಹಿಡಿದಳು. ನಾನು ಬೆಚ್ಚಿಬಿದ್ದೆ. ಈ ತೆನೆಗಾಗಿಯೇ ನಾನು ಗುಂಡಿಗೆ ತಲೆ ಕೊಟ್ಟದ್ದು!

"ಅವ್ವಾ, ಕೊಡೂದಿಲ್ಲ ಅಂದಿದ್ಯಲ್ಲ?"

"ಮಾರೂದಿಲ್ಲ ಅಂದೀನಿ. ಕೊಡೂದಿಲ್ಲ ಅಂತ ಯಾರಿಗೆ ಅಂದೀನಿ? ಬೀಜ ಬೇಡಿ ಬಂದವ್ರನ್ನ ಬರಿಗೈಲೆ ಕಳಸ್ತಾರೇನೋ? ಉಣ್ಣೂ ಬಾಯಿ ಎಲ್ಲಾ ಕಡಿ ಇರ್ತಾವ. ಒಯ್ಯಲಿ."

ಕೇಳಿದರೆ ಪುಕ್ಕಟೆ ಸಿಗುತ್ತಿತ್ತು. ಆದರೆ ಪುಕ್ಕಟೆ ಸಿಕ್ಕರೆ ದೌಲತರಾಯನ ಕಮಿಷನ್ ಎಲ್ಲಿಂದ ಬರಬೇಕು?

ಅವಳ ಶರ್ತ ಎರಡು. ಬೀಜ ಬೇಡಿದ ಯಾರಿಗಾದರೂ ಇರುವುದೇ. ಸುಗ್ಗಿಯಾದ ಮೇಲೆ ಒಯ್ದಷ್ಟು ಬೀಜ ತಿರುಗಿ ತಂದುಕೊಡಬೇಕು. ಬೇಡಿ ಬಂದವರಿಗೆ ಇಲ್ಲ ಅನ್ನಬಾರದು. ಹಿಂದಿಯಲ್ಲಿ ತಿಳಿಸಿ ಹೇಳಿದೆ. ಕಪೂರ್ ಕರವಸ್ತ್ರ ಹಾಸಿ ತೆನೆ ಇಸಿದುಕೊಂಡ. ಎದೆ ಮುಟ್ಟಿಕೊಂಡು ಆಗಲಿ ಅಂದ. ಅವಳ ಕಾಲೂ ಮುಟ್ಟಿದ.

ಅದಾಗಿ ಐದು ಸುಗ್ಗಿ ಕಳೆದವು. ಕಪೂರ್ ತಿರುಗಿ ಬರಲಿಲ್ಲ.

ಜೋಳ ಬಂತು. ಆಳಂದದ ಅಂಗಡಿಗೆ, ಹೊಳೆಯುವ ಪಾಕೀಟಿನಲ್ಲಿ. ಮುಂದೆ ನಗುತ್ತಿರುವ ಬಿಳಿ ಹೆಂಗಸಿನ ಚಿತ್ರ. ಹಿಂದೆ ಇಂಗ್ಲಿಷಿನಲ್ಲಿ ಎಚ್ಚರಿಕೆ: ಈ ಬೀಜವನ್ನು ಬೇರೆಯವರಿಗೆ ಕೊಡುವಂತಿಲ್ಲ. ಡೀಲರ್ ಯಾರು ಹೇಳಿ?

ದೌಲತರಾಯ!

ಒಂದು ಪಾಕೀಟು ಒಯ್ದು ಗುರುಶಾಂತಮ್ಮನ ಮುಂದೆ ಹರಿದೆ. ಔಷಧ ಸವರಿದ ಗುಲಾಬಿ ಕಾಳು. ಒಂದನ್ನು ಉಗುರಿನಿಂದ ಕೆರೆದು ಬಹಳ ಹೊತ್ತು ನೋಡಿದಳು.

"ನಮ್ಮ ಮನಿ ಕೂಸೇ" ಅಂದಳು. "ಮುಖಕ್ಕ ಬಣ್ಣ ಬಡದಾರ."

ಜಗತ್ತು ಒಂದೇ ಬಜಾರಾದದ್ದು ಒಳ್ಳೆಯದೋ ಕೆಟ್ಟದ್ದೋ, ದೊಡ್ಡವರು ಪೇಪರಿನಲ್ಲಿ ಬರೆದುಕೊಳ್ಳಲಿ. ನಾನು ಕಂಡದ್ದು ಒಂದು ತೆನೆ ಹೋದದ್ದು, ಒಂದು ಪಾಕೀಟು ಬಂದದ್ದು.

ಕಪೂರ್ ಕೊಟ್ಟ ಮಾತು ಮುರಿಯಿತು.

ನಾನು ಕೊಟ್ಟ ಮಾತು ಉಳಿಯಿತು. ಆ ಹಗೇವಿನಿಂದ ಇನ್ನೊಂದು ಹೆಣ ಏಳಲಿಲ್ಲ.

ದೌಲತರಾಯನೂ ಉಳಿದ. ಅದೊಂದೇ ಬೇಜಾರು.