ಹನುಮಕ್ಕಜ್ಜಿ ಹೇಳಿದ ಸಾಕ್ಷಿ

“ಡಿಗ್ರಿ ಬಂದಿಲ್ಲ.”

ಡೈರಿ ಸೆಕ್ರೆಟರಿ ಶಿವರಾಮಯ್ಯ ಗಾಜಿನ ಮೀಟರನ್ನು ಹಾಲಿನಿಂದ ಎತ್ತಿ, ಒರೆಸಿ, ಮತ್ತೆ ಇಳಿಬಿಟ್ಟರು. ಅದು ಮತ್ತೆ ಮುಳುಗಿತು.

“ನೀರು ಬಿದ್ದದೆ. ಹೋಗಿ ನಿಮ್ಮವ್ವನ್ನ ಕರ್ಕೊಂಬಾ.”

ಹಾಲು ತಂದಿದ್ದ ಹುಡುಗಿ ಗಂಗರತ್ನ ಮನೆ ಕಡೆ ಓಡಿದಳು. ನೀರು ಬಿದ್ದದ್ದು ಅವಳಿಗಲ್ಲದೆ ಇನ್ಯಾರಿಗೆ ಗೊತ್ತು? ದಾರಿಯಲ್ಲಿ ಕುಂಟೆಬಿಲ್ಲೆ ಆಡುವವರನ್ನು ಕಂಡು, ಕ್ಯಾನು ಕೆಳಗಿಟ್ಟು, ಒಂದೇ ಒಂದು ಆಟ ಆಡಿದ್ದಳು. ಅಷ್ಟರಲ್ಲಿ ಮೇಕೆಯೊಂದು ಕ್ಯಾನು ಉರುಳಿಸಿತು. ಚೆಲ್ಲಿದಷ್ಟಕ್ಕೂ ಬೋರ್‌ವೆಲ್ ನೀರು ತುಂಬಿಸಿಕೊಂಡು ಬಂದಿದ್ದಳು. ಹಾಲು ಬೆಳ್ಳಗೇ ಇತ್ತಲ್ಲ.

ಅವ್ವ ಸುಬ್ಬಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಓಡಿ ಬಂದಳು. ಸಾಲಿನಲ್ಲಿದ್ದವರೆಲ್ಲ ಅವಳನ್ನೇ ನೋಡಿದರು. ಹಾಲಿಗೆ ನೀರು ಬೆರೆಸಿದವರ ಡೈರಿ ಕಾರ್ಡು ಒಂದು ವಾರ ಕಟ್. ಕಾರ್ಡಿಗಿಂತ ಹೆಚ್ಚಾಗಿ ಮರ್ಯಾದೆ ಕಟ್.

“ನಮ್ಮನೇಲಿ ಹಾಲಿಗೆ ನೀರು ಹಾಕಲ್ಲ ಸ್ವಾಮಿ. ಬೇಕಾದ್ರೆ ಈ ಮಗೀನ ತಲೆ ಮುಟ್ಟಿ ಹೇಳ್ತೀನಿ.”

ಅವ್ವನ ಒದ್ದೆ ಕೈ ಗಂಗರತ್ನಳ ತಲೆಯ ಮೇಲೆ ಕೂತಿತು. ಸುಳ್ಳು ಆಣೆ ಇಟ್ಟರೆ ತಲೆ ಸಿಡಿಯುತ್ತದೆ ಎಂದು ಸ್ಕೂಲಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆಣೆ ಇಟ್ಟವರದೋ, ತಲೆ ಕೊಟ್ಟವರದೋ? ಅವಳು ಮೆಲ್ಲಗೆ ಅವ್ವನ ಕೈಕೆಳಗಿಂದ ತಲೆ ಜಾರಿಸಿಕೊಂಡಳು.

“ಆಣೆಗೀಣೆ ಬೇಡಮ್ಮ. ಹಾಲು ಕರೆಯೋವಾಗ ನೋಡಿದೋರು ಯಾರಾದ್ರೂ ಅವ್ರಾ?” ಎಂದರು ಶಿವರಾಮಯ್ಯ.

“ನಾನ್ ನೋಡಿವ್ನಿ.” ಸಾಲಿನ ಹಿಂದಿನಿಂದ ಪಕ್ಕದ ಮನೆಯ ಹನುಮಕ್ಕಜ್ಜಿ ಮುಂದೆ ಬಂದಳು. “ಪಕ್ಕದಲ್ಲೇ ಕೂತಿದ್ದೆ. ಒಂದ್ ತೊಟ್ಟೂ ನೀರು ಬಿದ್ದಿಲ್ಲ.”

ಬೆಳಗ್ಗೆ ಅಜ್ಜಿ ಅವರ ಕೊಟ್ಟಿಗೆಗೆ ಬಂದೇ ಇರಲಿಲ್ಲ. ಅದು ಗಂಗರತ್ನಳಿಗೂ ಗೊತ್ತು, ಅವ್ವನಿಗೂ ಗೊತ್ತು. ಆದರೆ ಊರಿನಲ್ಲಿ ಬೇಲಿ ಜಗಳವಾಗಲಿ, ಕೋಳಿ ಜಗಳವಾಗಲಿ, ಹನುಮಕ್ಕಜ್ಜಿ ಹೇಳಿದರೆ ಮುಗಿಯಿತು. ಕಂಡದ್ದನ್ನು ಕಂಡ ಹಾಗೆ ಹೇಳುವ ಬಾಯಿ ಅದು.

ಶಿವರಾಮಯ್ಯ ತಲೆ ಕೆರೆದುಕೊಂಡರು. “ನೀವು ಹೇಳಿದ್ಮೇಲೆ ಇನ್ನೇನು. ಮೀಟರೇ ಕೆಟ್ಟಿರ್ಬೇಕು,” ಎಂದು ಹಾಲನ್ನು ದೊಡ್ಡ ಕ್ಯಾನಿಗೆ ಸುರಿದುಕೊಂಡರು.

ಮನೆಗೆ ಬಂದದ್ದೇ ಗಂಗರತ್ನ ಅಳುತ್ತಾ ಎಲ್ಲವನ್ನೂ ಹೇಳಿದಳು. ಅವ್ವ ಹೊಡೆಯಲಿಲ್ಲ. ಹೊಡೆದಿದ್ದರೇ ಚೆನ್ನಾಗಿತ್ತು. ಅವಳ ಕೈ ಹಿಡಿದು ನೇರ ಅಜ್ಜಿಯ ಮನೆಗೆ ಕರೆದುಕೊಂಡು ಹೋದಳು.

ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಎಲ್ಲ ಕೇಳಿ, ಮೊರ ಕೆಳಗಿಟ್ಟಳು.

“ನಿಮ್ಮವ್ವ ಅಂಥೋಳಲ್ಲ ಅಂತ ನಂಗೊತ್ತಿತ್ತು. ಗೊತ್ತಿರೋದನ್ನ ನೋಡಿವ್ನಿ ಅಂದ್‌ಬುಟ್ಟೆ. ನಂದೂ ತಪ್ಪೇ ಕಣವ್ವ.”

ಮೂವರೂ ಡೈರಿಗೆ ಹೋದರು. ಹಾಲು ಹಾಕುವವರು ಇನ್ನೂ ಇದ್ದರು. ಅವರೆಲ್ಲರ ಎದುರಿಗೇ ಅಜ್ಜಿ, “ಶಿವರಾಮಯ್ಯ, ಆಗ ಹೇಳಿದ್ದು ಸುಳ್ಳು. ನಾನು ನೋಡಿರ್ಲಿಲ್ಲ,” ಎಂದಳು. ಉಳಿದದ್ದನ್ನು ಗಂಗರತ್ನ ತಲೆ ತಗ್ಗಿಸಿ ಹೇಳಿದಳು. ಶಿವರಾಮಯ್ಯ ಬೈಯಲಿಲ್ಲ. ಕಾರ್ಡು ಇಸಕೊಂಡು ಡ್ರಾಯರಿಗೆ ಹಾಕಿದರು.

ವಾರ ಕಳೆಯಿತು, ಕಾರ್ಡು ಬಂತು. ಗಂಗರತ್ನಳ ಎದೆ ಹಗುರಾಯಿತು. ತಲೆಯೂ ಸಿಡಿಯಲಿಲ್ಲ.

ಆ ಸಂಜೆ ಅವಳು ಅಜ್ಜಿಯ ಜೊತೆ ಜಗಲಿಯ ಮೇಲೆ ಕೂತಿದ್ದಳು. ಎದುರು ಮನೆಯ ದೊಡ್ಡಗಂಗಮ್ಮನ ಮರದಿಂದ ತೆಂಗಿನಕಾಯಿಯೊಂದು ದೊಪ್ಪನೆ ಬಿದ್ದು, ಉರುಳಿಕೊಂಡು ಅವಳ ಪಕ್ಕದ ಮನೆಯ ದೊಡ್ಡರಂಗಯ್ಯನ ಮರದ ಬುಡಕ್ಕೆ ಹೋಯಿತು. ಕಾಯಿ ನಂದು ಎಂದು ಇಬ್ಬರಿಗೂ ಜಗಳ ಹತ್ತಿತು. ಜನ ಸೇರಿದರು.

“ಗಂಗಮ್ಮನ ಮರದ್ದು ಕಣಪ್ಪ. ಬೀಳೋದನ್ನ ನಾನು ನೋಡ್ದೆ,” ಎಂದಳು ಅಜ್ಜಿ.

ದೊಡ್ಡರಂಗಯ್ಯ ನಕ್ಕ. “ನಿಜವಾಗ್ಲೂ ನೋಡಿದ್ಯಾ ಹನುಮಕ್ಕ, ಇಲ್ಲಾ ಡೈರೀಲಿ ನೋಡಿದ್ಯಲ್ಲ, ಹಂಗಾ?”

ನಿಂತವರೂ ನಕ್ಕರು. ಅಜ್ಜಿಯ ಮುಖ ಸಪ್ಪಗಾಯಿತು.

“ನಾನೂ ನೋಡ್ದೆ,” ಎಂದಳು ಗಂಗರತ್ನ. ಅವಳ ಕಡೆ ಒಬ್ಬರೂ ತಿರುಗಲಿಲ್ಲ. ದೊಡ್ಡರಂಗಯ್ಯ ಕಾಯಿ ಎತ್ತಿಕೊಂಡು ಹೊರಟೇ ಹೋದ.

“ಅಜ್ಜಿ, ನೀನು ನೋಡಿದ್ದು ನಂಗೊತ್ತು.”

“ನಿಂಗೆ ಗೊತ್ತು. ಊರಿಗೆ ಗೊತ್ತಾಗ್ಬೇಕಲ್ಲವ್ವ,” ಎಂದು ಅಜ್ಜಿ ಒಳಗೆ ಹೋದಳು.

ಗಂಗರತ್ನ ಜಗಲಿಯಲ್ಲೇ ಕೂತಳು. ಕಾರ್ಡು ಒಂದೇ ವಾರಕ್ಕೆ ಬಂದಿತ್ತು. ಅಜ್ಜಿಯ ಮಾತಿಗಿದ್ದ ನಂಬಿಕೆಯನ್ನು ಎಲ್ಲಿಗೆ ಹೋಗಿ, ಯಾರ ಹತ್ತಿರ ಕೇಳಿ ತರಬೇಕೋ ಅವಳಿಗೆ ತಿಳಿಯಲಿಲ್ಲ.