ಕೆಂಪು ನೂಲಿನ ಕಾಗದ

ಏನು, ನನ್ನ ನೆನಪಿನ ಮೇಲೇ ಅನುಮಾನವೇ? ಕಳೆದ ಸಲದ ಕಥೆ ಕೇಳಿ ಒಬ್ಬಳು ಬರೆದಿದ್ದಾಳೆ, "ತಾತಾ, ನಿಮಗೆ ವಯಸ್ಸಾಯ್ತು, ಅರ್ಧ ನೀವೇ ಸೇರಿಸ್ತೀರಿ" ಅಂತ. ವಯಸ್ಸಾಗಿರುವುದು ನನ್ನ ಮೊಣಕಾಲಿಗೆ ತಾಯಿ, ತಲೆಗಲ್ಲ! ಬೆಳಗ್ಗೆ ಕನ್ನಡಕ ಎಲ್ಲಿಟ್ಟೆ ಎನ್ನುವುದು ಮರೆಯುತ್ತದೆ, ಒಪ್ಪಿದೆ. ಈ ಕಥೆ ಮರೆಯುವಂಥದ್ದಲ್ಲ. ಬಾಯಿಗೆ ಬೀಗ ಹಾಕಿಕೊಂಡು ಕೇಳಿ.

ಅವಳನ್ನು ಮನೆಯಲ್ಲೂ ಬೀದಿಯಲ್ಲೂ ಗುಬ್ಬಿ ಎನ್ನುತ್ತಿದ್ದರು. ಹಳೆಯ ಕಾಗದವನ್ನು ನೆನೆಸಿ, ಮಿಕ್ಸಿಯಲ್ಲಿ ರುಬ್ಬಿ, ಹೊಸ ಕಾಗದ ಮಾಡುವುದು ಅವಳ ಕೆಲಸ. ರುಬ್ಬಿದ ತಿರುಳನ್ನು ನೀರು ತುಂಬಿದ ಅಗಲ ತೊಟ್ಟಿಗೆ ಸುರಿದು, ಜಾಲರಿ ಬಿಗಿದ ಚೌಕಟ್ಟನ್ನು ಮುಳುಗಿಸಿ ಮೇಲೆತ್ತಿದರೆ ಕೆನೆಯಂಥ ತೆಳು ಪದರ ಬರುತ್ತಿತ್ತು. ಅದನ್ನು ಬಟ್ಟೆಯ ಮೇಲೆ ಬೋರಲು ಹಾಕಿ, ನೀರು ಒತ್ತಿ ತೆಗೆದು, ಕಿಟಕಿಯ ಗಾಜಿಗೆ ಅಂಟಿಸಿ ಒಣಗಿಸುತ್ತಿದ್ದಳು. ಒಣಗಿದ ಕಾಗದವೇ ಶುಭಾಶಯದ ಕಾರ್ಡು, ನೆನಪಿನ ಪುಟ್ಟ ಪುಸ್ತಕ, ಹುಟ್ಟಿದ ಮಗುವಿನ ಪಾದದ ಅಚ್ಚು ಹಾಕುವ ಹಾಳೆ... ಏನು ಬೇಕೋ ಅದು.

ಮುಂದಿನ ಕೋಣೆಯ ಮೂರೂ ಕಿಟಕಿಗಳಿಗೆ ಹಾಳೆ ಅಂಟಿಸಿದ ಮೇಲೆ ಬಿಸಿಲು ಹಾಲಿನ ಹಾಗೆ ಒಳಗೆ ಇಳಿಯುತ್ತಿತ್ತು. ಮೊಟ್ಟೆಯೊಳಗೆ ಕೂತ ಮರಿಗೆ ಹೊರಗಿನ ಜಗತ್ತು ಹೀಗೇ ಕಾಣುತ್ತದೇನೋ ಎಂದುಕೊಳ್ಳುತ್ತಿದ್ದಳು ಗುಬ್ಬಿ.

ಅಂಥ ಒಂದು ಬೆಳಗ್ಗೆ ನಡುವಿನ ಕಿಟಕಿಯ ಹಾಳೆಯ ಮೂಲೆ ಹಿಡಿದು ಮೆಲ್ಲಗೆ ಬಿಡಿಸಿದಳು...

ಹಾಳೆಯ ಹಿಂದೆ ಒಂದು ಮುಖ!

ಗಾಜಿಗೆ ಮೂಗು ತಾಗುವಷ್ಟು ಹತ್ತಿರ. ಅಗಲ ಕಣ್ಣು. ಎಡಹುಬ್ಬಿಗೆ ಒಣಗಿದ ಅಂಟು.

"ಅಯ್ಯೋ ಅಮ್ಮಾ!"

ಅವಳು ಕಿರುಚಿದಳು. ಆ ಮುಖವೂ ಬೆಚ್ಚಿ ಹಿಂದೆ ಸರಿದು, ಹೂಕುಂಡಕ್ಕೆ ಕಾಲು ತಗುಲಿ, ಕುಂಡದ ಸಮೇತ ಕೆಳಗೆ ಕೂತಿತು. ಅವಳು ಕಿಟಕಿ ತೆರೆದಳು.

"ಯಾರ್ರೀ ನೀವು? ಕಂಡವರ ಮನೆ ಕಿಟಕಿಗೆ ಮೂಗು ಒತ್ಕೊಂಡು ನಿಲ್ಲೋದಾ?"

"ಕಾಗದ... ನೋಡ್ತಿದ್ದೆ."

"ಕಾಗದ ನೋಡೋಕೆ ಬಾಗಿಲು ಅಂತ ಒಂದಿದೆ!"

"ಬೆಳಕಿಗೆ ಹಿಡಿದ್ರೇ ಗೊತ್ತಾಗೋದು," ಅವನು ಪ್ಯಾಂಟಿನ ಮಣ್ಣು ಕೊಡವಿಕೊಂಡ. ಕಿವಿಯವರೆಗೆ ಕೆಂಪಾಗಿದ್ದ. "ಎಳೆ ಎಲ್ಲಾ ಕಡೆ ಸಮ ಇದೆ. ಎಲ್ಲೂ ಗಂಟಿಲ್ಲ. ಇಂಥದ್ದು ನಾನು ನೋಡೇ ಇಲ್ಲ."

ಬೈಯಲು ಇನ್ನೂ ನಾಲ್ಕು ಮಾತು ಸಿದ್ಧ ಮಾಡಿಟ್ಟುಕೊಂಡಿದ್ದಳು. ಅವೆಲ್ಲ ಎಲ್ಲಿ ಹೋದವೋ! ಅವಳ ಕಣ್ಣನ್ನು, ಜಡೆಯನ್ನು ಹೊಗಳಿದವರಿದ್ದರು. ಅವಳ ಕಾಗದದ ಎಳೆಯನ್ನು ನೋಡಿದವನು ಇವನೊಬ್ಬನೇ.

ಅವನು ಲೈಬ್ರರಿಯ ಬೈಂಡರ್. ಹರಿದ ಪುಸ್ತಕಗಳನ್ನು ಬಿಚ್ಚಿ, ಮತ್ತೆ ಹೊಲಿದು, ರಟ್ಟು ಕಟ್ಟುವವನು. ರಟ್ಟಿನ ಒಳಮೈಗೆ ಅಂಟಿಸಲು ಮೆತ್ತನೆಯ ಕಾಗದ ಹುಡುಕಿಕೊಂಡು ಬಂದಿದ್ದ. ಅಲ್ಲಿಂದ ಮುಂದೆ ಪ್ರತಿ ಗುರುವಾರ ಬರತೊಡಗಿದ. ಬರುವಾಗ, ಪುಸ್ತಕದ ಅಂಚು ಕತ್ತರಿಸುವಾಗ ಬಿದ್ದ ಸಣ್ಣ ಪಟ್ಟಿಗಳನ್ನು ಚೀಲದಲ್ಲಿ ತುಂಬಿ ತರುತ್ತಿದ್ದ. ಒಂದು ಸಲ ಚಿನ್ನದ ಬಣ್ಣ ಬಳಿದ ಅಂಚುಗಳು! ಅವನ್ನು ರುಬ್ಬಿ ಮಾಡಿದ ಹಾಳೆಯಲ್ಲಿ ಚುಕ್ಕಿ ಚುಕ್ಕಿ ಮಿಂಚು. ಅದರ ಒಂದು ತುಂಡನ್ನು ಗುಬ್ಬಿ ದಿಂಬಿನ ಕೆಳಗೆ ಇಟ್ಟುಕೊಂಡಳು. ಯಾಕೆ ಅಂತ ಕೇಳಬೇಡಿ, ನಿಮಗೂ ವಯಸ್ಸಾಗಿದೆ.

ಮಾತು ಮಾತ್ರ ಅವನಿಗೆ ಬರುತ್ತಿರಲಿಲ್ಲ. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹುಟ್ಟಿದವನ ಹಾಗೆ!

"ನಿಮ್ಮ ಬೈಂಡರು ಇವತ್ತು ಎಷ್ಟು ಮಾತಾಡಿದ?" ಎಂದು ಕೇಳುತ್ತಿದ್ದಳು ಸೋದರತ್ತೆ.

"ನಮ್ಮ ಬೈಂಡರ್ ಅಂತೆ! ಸುಮ್ಮನಿರಿ ಅತ್ತೆ."

"ನಾನು ಎಣಿಸಿದೆ ಕಣೇ. ಒಂಬತ್ತು. ಅದರಲ್ಲಿ ಮೂರು 'ಹೂಂ'."

ಈ ಅತ್ತೆಯ ಬಗ್ಗೆ ಹೇಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ತಾಯಿ ಹೋದ ಮೇಲೆ ಗುಬ್ಬಿಯನ್ನು ಬೆಳೆಸಿದವಳು, ಈ ಕೆಲಸ ಕಲಿಸಿದವಳು. ಬಾಗಿಲ ಪಕ್ಕ ಒಂದು ಹಸಿರು ತಗಡಿನ ಡಬ್ಬಿ ತೂಗುಹಾಕಿದ್ದಳು. ಬೀದಿಯವರು ಬೇಡವಾದ ಹಳೇ ಪತ್ರ, ಡೈರಿ, ಕಾರ್ಡು ಎಲ್ಲ ಅದರ ಸೀಳಿನೊಳಗೆ ತುರುಕಿ ಹೋಗುತ್ತಿದ್ದರು. ಯಾಕೆಂದರೆ ಆ ಮನೆಗೆ ಒಂದು ನಿಯಮವಿತ್ತು: ಡಬ್ಬಿಗೆ ಬಿದ್ದದ್ದನ್ನು ಯಾರೂ ಓದುವ ಹಾಗಿಲ್ಲ.

"ಜನ ನಮ್ಮನ್ನ ನಂಬಿ ಮನಸ್ಸನ್ನೇ ತಂದು ಹಾಕ್ತಾರೆ. ಕಣ್ಣು ಹಾಯಿಸಿದ್ರೂ ಕಳ್ಳತನ," ಎನ್ನುತ್ತಿದ್ದಳು. ಅಪ್ಪಿತಪ್ಪಿಯೂ ಒಂದಕ್ಷರ ಕಾಣಬಾರದೆಂದು ಕನ್ನಡಕ ತೆಗೆದಿಟ್ಟು ಹರಿಯುತ್ತಿದ್ದಳು ಮಹಾತಾಯಿ!

ಇತ್ತ ಬೈಂಡರ್ ತಿಂಗಳುಗಟ್ಟಲೆ ಒದ್ದಾಡಿ ಒಂದು ನಿರ್ಧಾರಕ್ಕೆ ಬಂದ. ಬಾಯಿ ಹೇಳದ್ದನ್ನು ಕೈ ಹೇಳಲಿ. ಗುಬ್ಬಿಯ ಕಾಗದದಲ್ಲೇ ಎಂಟು ಪುಟದ ಅಂಗೈಯಗಲದ ಪುಸ್ತಕ ಮಾಡಿದ. ಸಣ್ಣಕ್ಷರದಲ್ಲಿ ಬರೆದ. ಲೈಬ್ರರಿಯ ಹೊಲಿಗೆಗೆಲ್ಲ ಬಿಳಿ ನೂಲು. ಇದಕ್ಕೆಂದೇ ಕೆಂಪು ರೇಷ್ಮೆ ನೂಲು ತಂದು ಹೊಲಿದ. ಲಕೋಟೆಗೆ ಹಾಕಿ, ಒಂದು ಸೋಮವಾರ ಅವಳ ಬಾಗಿಲಿಗೆ ಬಂದ. ಬಾಗಿಲು ತಟ್ಟಲು ಕೈ ಬರಲಿಲ್ಲ. ಪಕ್ಕದಲ್ಲಿ ಹಸಿರು ಡಬ್ಬಿ. ಎಷ್ಟೋ ಜನ ಅದರೊಳಗೆ ಲಕೋಟೆ ಹಾಕುವುದನ್ನು ಅವನೇ ನೋಡಿದ್ದ. ಡಬ್ಬಿಯ ಮೇಲೆ ಬರೆದಿದ್ದ ಅಕ್ಷರ ಬಿಸಿಲಿಗೆ ಅಳಿಸಿ ಎಷ್ಟೋ ಕಾಲವಾಗಿತ್ತು.

ಮನೆಯ ಪತ್ರಗಳ ಡಬ್ಬಿ ಎಂದುಕೊಂಡ. ಹಾಕಿಬಿಟ್ಟ!

ಮಂಗಳವಾರ ಅತ್ತೆ ಕನ್ನಡಕ ತೆಗೆದಿಟ್ಟಳು.

"ಗುಬ್ಬೀ, ಇದ್ಯಾವುದೋ ಜಟ್ಟಿ ಕಾಗದ ಕಣೇ! ಹರಿಯೋಕೇ ಬರ್ತಿಲ್ಲ. ಹೊಲಿದಿದಾರೆ."

"ಕತ್ತರಿ ತಗೊಳ್ಳಿ ಅತ್ತೆ," ಒಳಗಿನಿಂದ ಹಾಡಿನ ಹಾಗೆ ಕೂಗಿದಳು ಗುಬ್ಬಿ.

ಕತ್ತರಿ ಬಂತು. ಆಮೇಲೆ ಮಿಕ್ಸಿ.

ಬುಧವಾರ ಗುಬ್ಬಿ ಚೌಕಟ್ಟು ಎತ್ತಿದಾಗ ಉಸಿರೇ ನಿಂತಿತು. ಬಿಳಿ ಪದರದ ತುಂಬ ಕೂದಲೆಳೆಯಂಥ ಕೆಂಪು ದಾರಗಳು! ಯಾವುದೋ ಬಟ್ಟೆಯ ಚೂರು ಸೇರಿರಬೇಕು ಎಂದುಕೊಂಡಳು. ಗಾಜಿಗೆ ಅಂಟಿಸಿದಾಗ ಬಿಸಿಲು ಆ ದಾರಗಳಲ್ಲಿ ಹರಿದಾಡಿತು. ಅವಳು ಮಾಡಿದ ಕಾಗದಗಳಲ್ಲೇ ಇಷ್ಟು ಚೆಲುವಾದದ್ದು ಇನ್ನೊಂದಿರಲಿಲ್ಲ.

'ಇದನ್ನ ಮಾರಲ್ಲ,' ಎಂದುಕೊಂಡಳು. 'ಅವರಿಗೇ ಕೊಡ್ತೀನಿ. ಕೊಡುವಾಗ ನಗ್ತೀನಿ. ಅಷ್ಟು ಸಾಕು. ಎಳೆ ಓದೋಕೆ ಬರೋರಿಗೆ ನಗು ಓದೋಕೆ ಬರಲ್ವಾ?'

ಗುರುವಾರ ಅವನು ಬಂದ. ಮೂರು ರಾತ್ರಿ ನಿದ್ದೆಯಿಲ್ಲದ ಕಣ್ಣು. ಬಾಗಿಲಲ್ಲೇ ನಿಂತ. ಏನೋ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

"ಇದು... ನಿಮಗೆ."

ಮತ್ತು ನಕ್ಕಳು. ಇಡೀ ಮನಸ್ಸು ಬಿಚ್ಚಿ ನಕ್ಕಳು.

ಅವನು ಹಾಳೆಯನ್ನು ಬೆಳಕಿಗೆ ಹಿಡಿದ. ಕೆಂಪು ಎಳೆಗಳನ್ನು ಕಂಡ.

"ಇಷ್ಟು ಚೆನ್ನಾಗಿ ಉತ್ತರ ಕೊಡಬೇಕಾಗಿರಲಿಲ್ಲ," ಎಂದ ಮೆಲ್ಲಗೆ. "ಬೇಡ ಅಂದಿದ್ರೆ ಸಾಕಿತ್ತು."

"ಏನು? ಯಾವ ಉತ್ತರ?"

ಅವನು ಆಗಲೇ ಮೆಟ್ಟಿಲಿಳಿದಿದ್ದ. ಹಾಳೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಉಳಿದಿತ್ತು.

ಮುಂದಿನ ಗುರುವಾರ ಅವನು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಗುಬ್ಬಿ ತೊಟ್ಟಿಯ ನೀರನ್ನು ಸುಮ್ಮನೆ ಕಲಕುತ್ತ ಕೂರುತ್ತಿದ್ದಳು. ತಿರುಳು ಮೋಡದ ಹಾಗೆ ಎದ್ದು ಮತ್ತೆ ತಳ ಸೇರುತ್ತಿತ್ತು. ತೂಕಡಿಕೆ ಬಂದರೆ ಗಾಜಿನ ಹಿಂದೆ ಆ ಮುಖ. ಬಿಡಿಸಿದಷ್ಟೂ ಮುಗಿಯದ ಹಾಳೆಗಳು, ಆಚೆ ಅವನು... ಎಚ್ಚರವಾದರೆ ಬರೀ ಕಿಟಕಿ.

"ನಾನೇನು ತಪ್ಪು ಮಾಡ್ದೆ ಅತ್ತೆ?"

"ಕೊಟ್ಟಿದ್ದು ಜಾಸ್ತಿಯಾಯ್ತೇನೋ. ಕೆಲವರಿಗೆ ಕೊಟ್ರೆ ಹೆದರಿಕೆ," ಎಂದಳು ಅತ್ತೆ. ಆದರೆ ಅವಳ ದನಿಯಲ್ಲಿ ಎಂದಿನ ಖಾರವಿರಲಿಲ್ಲ.

ಹತ್ತೊಂಬತ್ತನೇ ದಿನ ಮಧ್ಯಾಹ್ನ ಲೈಬ್ರರಿ ಮೇಡಂ ಬಂದರು. ದಪ್ಪ ದನಿಯ, ದೊಡ್ಡ ಮನಸ್ಸಿನ ಹೆಂಗಸು.

"ಗುಬ್ಬಿ, ಒಂದು ದೊಡ್ಡ ಕಾರ್ಡ್ ಬೇಕಮ್ಮ. ನಾವೆಲ್ಲ ಸಹಿ ಹಾಕೋದಕ್ಕೆ. ನಮ್ಮ ಬೈಂಡರ್ ನಾಳೆ ಹೊರಟ."

ಗುಬ್ಬಿಯ ಕೈ ತೊಟ್ಟಿಯೊಳಗೇ ನಿಂತಿತು.

"ಎಲ್ಲಿಗೆ?"

"ದೂರದ ಬ್ರಾಂಚಿಗೆ. ತಾನೇ ಕೇಳಿ ವರ್ಗ ಮಾಡಿಸ್ಕೊಂಡ, ಪುಣ್ಯಾತ್ಮ. ಯಾಕೋ ಅಂದ್ರೆ ಇಲ್ಲಿ ಬೆಳಕು ಜಾಸ್ತಿ ಅಂತಾನೆ! ಅದೇನು ಮಾತೋ." ಮೇಡಂ ಗೋಡೆಯ ಬದಿಯ ರಾಶಿಯಿಂದ, ಅದೇ ತಿರುಳಿನಲ್ಲಿ ಮಾಡಿದ್ದ ಇನ್ನೊಂದು ಕೆಂಪು ನೂಲಿನ ಹಾಳೆಯನ್ನು ಎತ್ತಿದರು. "ಇದು ಚೆನ್ನಾಗಿದೆ, ಇದರಲ್ಲೇ ಮಾಡು." ಕಿಟಕಿಗೆ ಹಿಡಿದು ನೋಡಿದರು. "ಅರೆ, ಒಳಗೇನೋ ಅಕ್ಷರ ಇದೆಯಲ್ಲ!"

ಮಿಕ್ಸಿಯ ಬ್ಲೇಡಿನಿಂದ ತಪ್ಪಿಸಿಕೊಂಡ ಒಂದು ಚೂರು. ಉಗುರಿನಷ್ಟು. ಗುಬ್ಬಿ ಓಡಿ ಬಂದು ಬಗ್ಗಿದಳು.

"ಓದಬೇಡ!" ಅತ್ತೆ ಒಳಗಿನಿಂದಲೇ ಗುಡುಗಿದಳು. "ಡಬ್ಬಿಯ ಕಾಗದ ಅದು!"

ಗುಬ್ಬಿ ಹುಟ್ಟಿದಾಗಿನಿಂದ ಮುರಿಯದ ನಿಯಮ. ಆದರೆ ಆ ಸಣ್ಣಕ್ಷರ... ಪ್ರತಿ ಗುರುವಾರ ಚೀಟಿಯಲ್ಲಿ ಹಾಳೆಯ ಅಳತೆ ಬರೆದು ಕೊಡುತ್ತಿದ್ದ ಅದೇ ಕೈ!

"ಅತ್ತೆ, ಇದು ನನಗೇ ಬರೆದದ್ದು ಅನ್ಸುತ್ತೆ."

"ಓದದೇ ನಿನಗೆ ಹೇಗೆ ಗೊತ್ತಾಯ್ತು?"

"ನನಗಲ್ಲದಿದ್ರೆ ಇವತ್ತಿಗೇ ಈ ಕೆಲಸ ಬಿಡ್ತೀನಿ."

ಅತ್ತೆ ಒಳಗಿನಿಂದ ಹೊರಬಂದಳು. ಗುಬ್ಬಿ ಓದಿದಳು. ಎರಡೇ ಪದ ಉಳಿದಿದ್ದವು: 'ಗಾಜಿನಾಚೆ ನೀವು'.

ಹೊಲಿದಿದ್ದ ಕಾಗದ. ಕೆಂಪು ದಾರ. ಉತ್ತರ! ಅವನ ಮನಸ್ಸನ್ನು ರುಬ್ಬಿ, ಹಾಳೆ ಮಾಡಿ, ಅವನ ಕೈಗೇ ಕೊಟ್ಟು... ಎದುರಿಗೆ ನಿಂತು ನಕ್ಕಿದ್ದಳಲ್ಲ!

"ಅಯ್ಯೋ, ಕತ್ತರಿ ಹಾಕಿದ್ದು ನಾನು ಕಣೇ," ಅತ್ತೆ ಹಣೆ ಚಚ್ಚಿಕೊಂಡಳು. "ನಡಿ, ನಾನೇ ಬಂದು ಒಪ್ಕೋತೀನಿ! ನನ್ನ ಚಪ್ಪಲಿ ಎಲ್ಲಿ?"

ಗುಬ್ಬಿ ಚಪ್ಪಲಿಗೆ ಕಾಯಲಿಲ್ಲ. ಮೊಣಕೈವರೆಗೆ ಮೆತ್ತಿದ ತಿರುಳು ಒಣಗುವ ಮುಂಚೆ ಲೈಬ್ರರಿಯಲ್ಲಿದ್ದಳು.

ಓದುವ ಕೋಣೆಯಲ್ಲಿ ಹತ್ತಿಪ್ಪತ್ತು ಜನ. ಪುಟ ತಿರುವುವ ಸದ್ದು ಬಿಟ್ಟರೆ ಬೇರೇನಿಲ್ಲ. ಮೂಲೆಯ ಮೇಜಿನಲ್ಲಿ ಬೈಂಡರ್ ತನ್ನ ಸೂಜಿಗಳನ್ನು ಬಟ್ಟೆಯಲ್ಲಿ ಸುತ್ತಿಡುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ.

"ನಾನು ಓದಿಲ್ಲ," ಎಂದಳು, ಏದುಸಿರಿನಲ್ಲಿ. "ನೀವು ಹಾಕಿದ್ದು ನಮ್ಮ ಹಳೇ ಕಾಗದದ ಡಬ್ಬಿಗೆ. ಅದರಲ್ಲಿ ಬಿದ್ದಿದ್ದನ್ನ ನಾವು ಓದಲ್ಲ. ಓದದೇ ರುಬ್ಬಿಬಿಟ್ವಿ."

ಅವನು ಸೂಜಿಯ ಸುತ್ತನ್ನು ಮೇಜಿನ ಮೇಲಿಟ್ಟ.

"ಆದ್ರೆ ಕೊಡುವಾಗ... ನಕ್ಕಿದ್ರಿ."

"ಪ್ರೀತಿಗೆ ನಕ್ಕಿದ್ದು ಕಣ್ರೀ! ಇನ್ನೇನು, ಡಂಗುರ ಹೊಡೀಬೇಕಿತ್ತಾ?"

ಇಪ್ಪತ್ತು ತಲೆ ಒಟ್ಟಿಗೆ ಮೇಲೆದ್ದವು. ಅವನು ಗಾಬರಿಯಿಂದ ಗೋಡೆಯ ಮೇಲಿನ 'ನಿಶ್ಶಬ್ದ' ಬೋರ್ಡಿನ ಕಡೆ ಕೈ ತೋರಿಸಿದ.

"ಇಲ್ಲಿ ಮಾತಾಡೋ ಹಾಗಿಲ್ಲ..."

"ಆ ಬೋರ್ಡಿಗೆ ಐದು ನಿಮಿಷ ರಜೆ ಕೊಟ್ಟಿದೀನಿ," ಬಾಗಿಲಿಂದ ಮೇಡಂ ದನಿ. ಹಿಂದೆ ಅತ್ತೆ, ಎರಡು ಕಾಲಿಗೆ ಬೇರೆ ಬೇರೆ ಜೊತೆಯ ಚಪ್ಪಲಿ ಮೆಟ್ಟಿಕೊಂಡು. "ಮಾತಾಡೋ ಮಾರಾಯ!"

"ಏನು ಬರೆದಿದ್ರಿ ಹೇಳಿ," ಎಂದಳು ಗುಬ್ಬಿ. ಈಗ ಅವಳ ದನಿ ತಗ್ಗಿತ್ತು. "ಇನ್ನು ಅದನ್ನ ಓದೋಕೆ ಆಗಲ್ಲ. ನೀವೇ ಹೇಳಬೇಕು. ಹೇಳದೇ ನಾಳೆ ಬಸ್ ಹತ್ತಿದ್ರೆ, ನನಗೆ ಜೀವಮಾನದಲ್ಲಿ ಗೊತ್ತಾಗಲ್ಲ."

ಅವನು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡ.

"ಮೊದಲನೇ ಪುಟದಲ್ಲಿ... ನೀವು ಹಾಳೆ ಬಿಡಿಸಿದ್ದು. ನಾನು ಕಾಗದ ನೋಡೋಕೆ ಬಂದಿದ್ದೆ, ಗಾಜಿನಾಚೆ ನೀವು ಕಂಡ್ರಿ. ಆಮೇಲೆ ಕಾಗದ ಕಾಣಲೇ ಇಲ್ಲ ಅಂತ."

"ಎರಡನೇದು?"

"ಪ್ರತಿ ಗುರುವಾರ, ಲೈಬ್ರರೀಲಿ ಕಾಗದ ಇದ್ರೂ ಇಲ್ಲ ಅಂತ ಮೇಡಂಗೆ ಸುಳ್ಳು ಹೇಳಿ ನಿಮ್ಮನೇಗೆ ಬರ್ತಿದ್ದದ್ದು."

"ಅಯ್ಯೋ ಕಳ್ಳಾ!" ಎಂದರು ಮೇಡಂ.

"ಮೂರು, ನಾಲ್ಕು, ಐದು... ನಿಮಗೆ ಹೇಳಬೇಕು ಅಂತ ಬಂದು ಹೇಳದೇ ಹೋದ ಮಾತು. ಆರನೇದರಲ್ಲಿ ನಮ್ಮಮ್ಮನ ವಿಷಯ. ಅವರಿದ್ದಿದ್ರೆ ನಿಮ್ಮನ್ನ ನೋಡೋಕೆ ಕರ್ಕೊಂಡು ಬರ್ತಿದ್ದೆ ಅಂತ." ಅವನು ಉಸಿರು ಎಳೆದುಕೊಂಡ. "ಏಳನೇದರಲ್ಲಿ ಒಂದೇ ಸಾಲು. ನೀವು ಒಪ್ಪಿದ್ರೆ... ನಾನು ನಿಮ್ಮ ಜೊತೆ ಇರ್ತೀನಿ. ಯಾವತ್ತೂ."

ಕೋಣೆಯಲ್ಲಿ ಯಾರೂ ಪುಟ ತಿರುವಲಿಲ್ಲ.

"ಎಂಟನೇದು?" ಗುಬ್ಬಿಯ ಕಣ್ಣು ತುಂಬಿತ್ತು.

"ಖಾಲಿ. ನಿಮಗೆ ಅಂತ ಬಿಟ್ಟಿದ್ದೆ."

ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಒರೆಸಿದಷ್ಟೂ ತಿರುಳು ಕೈಗೇ ಅಂಟಿತು. ಹಾಗೇ ಅವನ ಕೈ ಹಿಡಿದಳು.

"ನಾಳೆ ಹೋಗಬೇಡಿ."

"ವರ್ಗದ ಆದೇಶ ಬಂದಿದೆಯಲ್ಲ..."

"ಕೇಳಿದವನು ನೀನೇ ತಾನೇ? ಬೇಡ ಅಂತಲೂ ನೀನೇ ಬರೆದುಕೊಡು, ನಾನು ಮಾತಾಡ್ತೀನಿ," ಎಂದರು ಮೇಡಂ, ಮೂಗೊರೆಸಿಕೊಂಡು.

ಅವನು ಹೂಂ ಎಂದ. ಅವನ ಮಾತು ಎಣಿಸುತ್ತ ಬೆರಳು ಮಡಚುತ್ತಿದ್ದ ಅತ್ತೆ, ಎಣಿಕೆ ಬಿಟ್ಟು ಎತ್ತಲೋ ತಿರುಗಿ ನಿಂತಳು.

"ಎಂಟನೇ ಪುಟಕ್ಕೆ ಏನು ಬರೀತಿದ್ರಿ?" ಅವನು ಕೇಳಿದ, ಅವಳಿಗೊಬ್ಬಳಿಗೇ ಕೇಳುವ ಹಾಗೆ.

"ಒಂದು ಪುಟದಲ್ಲಿ ಹಿಡಿಸಲ್ಲ."

"ಎಷ್ಟು ಬೇಕು?"

"ನೀವು ಹೊಲೀತಾ ಇರಿ," ಎಂದಳು ಗುಬ್ಬಿ. "ನಾನು ಕಾಗದ ಮಾಡ್ತಾ ಇರ್ತೀನಿ."

ಅಷ್ಟೇ. ಕಣ್ಣೊರೆಸಿಕೊಳ್ಳಿ. ಸುಮ್ಮನೆ ಕೇಳಿ ಫೋನು ಕೆಳಗಿಡಬೇಡಿ. ಮನಸ್ಸಲ್ಲಿರುವುದನ್ನು ಬಾಯಿಗೆ ತರಲಾರದ ಮೂಗೇಶ ಒಬ್ಬನಾದರೂ ನಿಮಗೆ ಗೊತ್ತಿರುತ್ತಾನೆ. ಮೊದಲು ಅವನಿಗೆ ಕಳಿಸಿ. ಆಮೇಲೆ ಉಳಿದವರಿಗೆ.